ಜೋರು ಕರೆಂಟ್ ಇರೋ ರೀಫಲ್ಲಿ ಡೈವ್ ಮಾಡೋದು ಹೇಗೆ: ನಮ್ ಮಲೆನಾಡ್ ಕಡೆಯಿಂದ ಹೋಗೋರಿಗೆ

ಕಾಫಿ ಕುಯ್ಲು ಮುಗೀತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತೆ. ಮೂಡಿಗೆರೆ, ಸಕಲೇಶಪುರ, ಆಲ್ದೂರು, ಬೇಲೂರು ಎಲ್ಲಾ ಕಡೆಯಿಂದ ಮೆಸೇಜು. "ಅಣ್ಣ, ಮುರ್ಡೇಶ್ವರದಲ್ಲಿ ಸ್ಕೂಬಾ ಕೋರ್ಸ್ ಆಯ್ತು, ಮಾರ್ಚಲ್ಲಿ ಮಾಲ್ಡೀವ್ಸ್‌ಗೆ ಟಿಕೆಟ್ ಮಾಡಿದೀವಿ, ಅಲ್ಲಿ ಕರೆಂಟ್ ಜಾಸ್ತಿ ಅಂತಾರಲ್ಲ, ಏನ್ ಮಾಡ್ಬೇಕು?" ಕರೆಂಟ್ ಅಂದ್ರೆ ಸಮುದ್ರದ ನೀರಿನ ಸೆಳವು, ರೀಫ್ ಅಂದ್ರೆ ನೀರೊಳಗಿನ ಹವಳದ ದಿಬ್ಬ. ಒಬ್ಬೊಬ್ರಿಗೂ ಬೇರೆ ಬೇರೆ ವಾಯ್ಸ್ ನೋಟ್ ಕಳ್ಸೋ ಬದ್ಲು ಒಂದೇ ಸಲ ಬರ್ದು ಹಾಕ್ತಿದೀನಿ, ಇನ್ಮೇಲೆ ಯಾರ್ ಕೇಳಿದ್ರೂ ಇದನ್ನೇ ಕಳ್ಸೋದು.

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಓದಿ ನೇರ ನೀರಿಗೆ ಇಳಿಯೋ ಹಾಗಿಲ್ಲ. ಇನ್‌ಸ್ಟ್ರಕ್ಟರ್ ಜೊತೆ ಕಲಿಯೋದು ಕಲೀಲೇಬೇಕು. ಆದ್ರೆ ಕೋರ್ಸಲ್ಲಿ ಕರೆಂಟ್ ಬಗ್ಗೆ ಹೇಳ್ಕೊಡೋದು ಕಮ್ಮಿ, ಬೋಟ್ ಮೇಲೆ ಬ್ರೀಫಿಂಗ್ ಕೊಡೋವಾಗ ಅರ್ಧ ಜನ ಫೋಟೋ ತಗೋತಿರ್ತಾರೆ, ನೀರಿಗೆ ಬಿದ್ಮೇಲೆ ಕೇಳೋಕೆ ಬಾಯಲ್ಲಿ ರೆಗ್ಯುಲೇಟರ್, ಅಂದ್ರೆ ಸಿಲಿಂಡರಿನ ಗಾಳಿ ಕೊಡೋ ಸಾಧನ, ಇರುತ್ತೆ. ಹಾಗಾಗಿ ಕರೆಂಟ್ ಡೈವಿನ ಮುಕ್ಕಾಲು ಭಾಗ ದಡದ ಮೇಲೆ, ಬೋಟ್ ಮೇಲೆ ತೀರ್ಮಾನ ಆಗಿರ್ಬೇಕು. ಕೆಳಗೆ ಹೋಗಿ ಯೋಚ್ನೆ ಮಾಡ್ತೀನಿ ಅಂದ್ರೆ ಆಗಲ್ಲ.

ಕರೆಂಟ್ ಅಂದ್ರೆ ಎಷ್ಟು?

ಸಮುದ್ರದ ಒಳಗಿನ ಸೆಳವನ್ನ ನಾಟ್ ಲೆಕ್ಕದಲ್ಲಿ ಹೇಳ್ತಾರೆ. 1 ನಾಟ್ ಅಂದ್ರೆ ಗಂಟೆಗೆ 1.85 ಕಿಲೋಮೀಟರ್, ಅಂದ್ರೆ ಸೆಕೆಂಡಿಗೆ ಅರ್ಧ ಮೀಟರ್. ಇದನ್ನ ಕೇಳಿ ಎಲ್ರೂ ನಗ್ತಾರೆ, "ಇಷ್ಟೇನಾ, ನಮ್ಮಜ್ಜಿ ಇದಕ್ಕಿಂತ ಜೋರಾಗಿ ನಡೀತಾರೆ" ಅಂತ. ನೀರಲ್ಲಿ ಸಿಲಿಂಡರು, ಜಾಕೆಟ್ಟು ಎಲ್ಲಾ ಹಾಕ್ಕೊಂಡು ಮಾಮೂಲಿ ಡೈವರ್ ಒಬ್ಬ ಆರಾಮಾಗಿ ಈಜೋದು ಹೆಚ್ಚುಕಮ್ಮಿ ಅರ್ಧ ನಾಟ್ ವೇಗದಲ್ಲಿ. 1 ನಾಟ್ ಎದುರಿಗೆ ಜೀವ ಬಿಟ್ಟು ಕಾಲು ಹೊಡೆದ್ರೆ ಕೆಲವು ನಿಮಿಷ ಇದ್ದಲ್ಲೇ ಇರಬಹುದು, ಅಷ್ಟೇ. ನೀರಿನ ವೇಗ ಎರಡು ಪಟ್ಟಾದ್ರೆ ಅದು ನಿಮ್ಮನ್ನ ತಳ್ಳೋ ಬಲ ನಾಲ್ಕು ಪಟ್ಟಾಗುತ್ತೆ, ಹಾಗಾಗಿ 2 ನಾಟಲ್ಲಿ ಈಜೋ ಮಾತೇ ಇಲ್ಲ.

ಇನ್ನೊಂದು ಲೆಕ್ಕ, ಇದನ್ನ ತಲೇಲಿ ಇಟ್ಕೊಳ್ಳಿ. 1 ನಾಟ್ ಕರೆಂಟಲ್ಲಿ ನಿಮ್ಮ ಜೊತೆಗಾರ ನಿಮಗಿಂತ 30 ಸೆಕೆಂಡ್ ತಡವಾಗಿ ಬೋಟಿಂದ ಹಾರಿದ್ರೆ ನಿಮ್ಮಿಬ್ಬರ ಮಧ್ಯೆ ಆಗ್ಲೇ 15 ಮೀಟರ್ ಅಂತರ. ಎಷ್ಟೋ ಕಡೆ ನೀರೊಳಗೆ ಕಣ್ಣಿಗೆ ಕಾಣೋದೇ 15 ಮೀಟರ್.

ಹಂತ 1: ನೀವು ರೆಡಿನಾ ಅಂತ ನೋಡ್ಕೊಳ್ಳಿ

ನಮ್ ಕಡೆ ದೊಡ್ಡ ಗೊಂದಲ ಒಂದಿದೆ. ಮುರ್ಡೇಶ್ವರದ ಹತ್ರ ಇರೋ ನೇತ್ರಾಣಿ ದ್ವೀಪಕ್ಕೆ ಹೋಗಿ ಇನ್‌ಸ್ಟ್ರಕ್ಟರ್ ಹಿಂದ್ಗಡೆಯಿಂದ ಸಿಲಿಂಡರ್ ಹಿಡ್ಕೊಂಡು ಸುತ್ತಾಡಿಸಿದ್ನ ವಿಡಿಯೋ ಹಾಕಿ "ನಾನು ಸ್ಕೂಬಾ ಮಾಡಿದೀನಿ" ಅಂತಾರೆ. ಅದು ಟ್ರಯಲ್ ಡೈವ್. ಚೆನ್ನಾಗೇ ಇರುತ್ತೆ, ಬೇಡ ಅನ್ನಲ್ಲ, ಆದ್ರೆ ಅದರಿಂದ ಕರೆಂಟಲ್ಲಿ ಡೈವ್ ಮಾಡೋ ಅರ್ಹತೆ ಬರಲ್ಲ. ಓಪನ್ ವಾಟರ್ ಅನ್ನೋದು ಮೊದಲನೇ ಸರ್ಟಿಫಿಕೇಟ್, 18 ಮೀಟರ್ ತನಕ. ಅಡ್ವಾನ್ಸ್‌ಡ್ ಅನ್ನೋದು ಎರಡನೇದು, 30 ಮೀಟರ್ ತನಕ, ಅದರಲ್ಲಿ ಡ್ರಿಫ್ಟ್ ಡೈವ್ ಅಂತ ಒಂದು ಪಾಠ ತಗೋಬಹುದು. ಡ್ರಿಫ್ಟ್ ಅಂದ್ರೆ ಕರೆಂಟ್ ಎತ್ತ ಹೋಗುತ್ತೋ ಅತ್ತ ನಾವೂ ತೇಲ್ಕೊಂಡು ಹೋಗೋದು, ಬೋಟ್ ನಮ್ಮ ಹಿಂದೆ ಬರೋದು. ಮಾಲ್ಡೀವ್ಸ್ ಚಾನೆಲ್‌ಗಳಿಗೆ, ಇಂಡೋನೇಷ್ಯಾದ ಕೊಮೊಡೊಗೆ ಕರ್ಕೊಂಡು ಹೋಗೋ ಸುಮಾರು ಬೋಟ್‌ಗಳು ಅಡ್ವಾನ್ಸ್‌ಡ್ ಕಾರ್ಡ್ ಜೊತೆ 30ರಿಂದ 50 ಡೈವ್ ಆಗಿರೋ ಲಾಗ್‌ಬುಕ್ ಕೇಳ್ತಾವೆ. ಕೇಳ್ದೇ ಇರೋ ಬೋಟ್ ಸಿಕ್ತು ಅಂತ ಖುಷಿ ಪಡ್ಬೇಡಿ, ಅಂಥೋರ ಹತ್ರ ಇನ್ನೂ ಹುಷಾರಾಗಿರ್ಬೇಕು.

ಕಾರ್ಡಿಗಿಂತ ಮುಖ್ಯ ಎರಡು ಕೆಲಸ ಕೈಗೆ ಹತ್ತಿರ್ಬೇಕು. ಒಂದು ಬಾಯನ್ಸಿ, ಅಂದ್ರೆ ನೀರಲ್ಲಿ ಮೇಲೂ ಹೋಗ್ದೆ ಕೆಳಗೂ ಹೋಗ್ದೆ ಒಂದೇ ಆಳದಲ್ಲಿ ನಿಲ್ಲೋದು. ಇನ್ನೊಂದು ಎಸ್‌ಎಂಬಿ ಬಿಡೋದು. ಎಸ್‌ಎಂಬಿ ಅಂದ್ರೆ ಉದ್ದನೆ ಕಿತ್ತಳೆ ಬಣ್ಣದ ಗಾಳಿ ಚೀಲ, ಅದಕ್ಕೊಂದು ದಾರದ ಉರುಳೆ, ನೀರೊಳಗಿಂದ ಮೇಲಕ್ಕೆ ಬಿಟ್ರೆ "ನಾವ್ ಇಲ್ಲಿದೀವಿ" ಅಂತ ಬೋಟಿಗೆ ಕಾಣುತ್ತೆ. ಇವೆರಡು ಯೋಚ್ನೆ ಮಾಡ್ದೆ ಬರೋವರೆಗೂ ಜೋರು ಕರೆಂಟಿನ ಜಾಗಕ್ಕೆ ದುಡ್ಡು ಕಟ್ಬೇಡಿ. ನೇತ್ರಾಣಿಲೇ ಇನ್ನೊಂದಷ್ಟು ಡೈವ್ ಮಾಡಿ, ಅಕ್ಟೋಬರಿಂದ ಮೇ ತನಕ ಸೀಸನ್ ಇರುತ್ತೆ, ನಮಗೆ ಹತ್ರ, ಖರ್ಚೂ ಕಮ್ಮಿ. ಆಮೇಲೆ ಅಂಡಮಾನ್. ಹ್ಯಾವ್ಲಾಕ್ ಸುತ್ತ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಅಂತ ಜಾಗಗಳಿವೆ, ಆಳ ಇದೆ, ಕೆಲವು ದಿನ ಕರೆಂಟೂ ಇರುತ್ತೆ, ಮಾಲ್ಡೀವ್ಸ್‌ಗೆ ಮುಂಚೆ ಕೈ ಪಳಗಿಸೋಕೆ ಒಳ್ಳೇದು.

ಹೇಮಾವತಿ ಹಿನ್ನೀರಲ್ಲಿ, ಶೆಟ್ಟಿಹಳ್ಳಿ ಚರ್ಚ್ ಮುಳುಗಿರೋವಾಗ ಪ್ರಾಕ್ಟೀಸ್ ಮಾಡ್ಬಹುದಾ ಅಂತ ಕೇಳೋರೂ ಇದಾರೆ. ಬೇಡ ಮಾರಾಯ್ರೆ. ರಾಡಿ ನೀರು, ಕೆಳಗೆ ಗೋಡೆ, ಮುಳ್ಳುಕಂಟಿ, ಬಲೆ ಏನಿದೆಯೋ ಗೊತ್ತಿಲ್ಲ, ಮೇಲೆ ಕಾಯೋಕೆ ಯಾರೂ ಇಲ್ಲ.

ಹಂತ 2: ದಿನ ಆರ್ಸೋದು, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ

ಇದಕ್ಕೆ ಆ್ಯಪ್ ಬೇಕಾಗಿಲ್ಲ, ಮನೇಲಿರೋ ಪಂಚಾಂಗದ ಕ್ಯಾಲೆಂಡರೇ ಸಾಕು ಅರ್ಧ ಕೆಲಸಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಬಂದಾಗ ಸೂರ್ಯ ಚಂದ್ರ ಒಂದೇ ಗೆರೇಲಿ ನಿಂತು ಎಳೀತಾವೆ, ಭರತ ಇಳಿತದ ಮಧ್ಯೆ ವ್ಯತ್ಯಾಸ ಜಾಸ್ತಿ ಆಗುತ್ತೆ, ಅಷ್ಟು ನೀರು ಅದೇ ಆರು ಗಂಟೆಲಿ ಹೋಗಿ ಬರ್ಬೇಕಲ್ಲ, ಹಾಗಾಗಿ ಕರೆಂಟೂ ಜೋರು. ಅದರ ತಾಕತ್ತು ಅಮಾವಾಸ್ಯೆ ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಎಲ್ಲಕ್ಕಿಂತ ಜಾಸ್ತಿ ಇರುತ್ತೆ. ಅಷ್ಟಮಿ ಆಸುಪಾಸಲ್ಲಿ ಸೆಳವು ಮೆತ್ತಗೆ. ಮೊದಲನೇ ಸಲ ಹೋಗೋರು ಅಷ್ಟಮಿ ಮಧ್ಯಕ್ಕೆ ಬರೋ ಹಾಗೆ ವಾರ ಹಿಡೀರಿ, ಇಷ್ಟು ಮಾಡಿದ್ರೆ ಅರ್ಧ ಭಯ ಕಮ್ಮಿ.

ಭರತ ಇಳಿತ ತಿರುಗೋ ಹೊತ್ತಲ್ಲಿ ಸ್ವಲ್ಪ ಹೊತ್ತು ನೀರು ನಿಂತಂಗಿರುತ್ತೆ, ಅದಕ್ಕೆ ಸ್ಲ್ಯಾಕ್ ಅಂತಾರೆ. ಆದ್ರೆ ಟೈಡ್ ಟೇಬಲಲ್ಲಿ ಬರ್ದಿರೋ ಟೈಮಿಗೇ ಸ್ಲ್ಯಾಕ್ ಬರುತ್ತೆ ಅಂತ ನಂಬ್ಬೇಡಿ, ಜಾಗದಿಂದ ಜಾಗಕ್ಕೆ ಹಿಂದೆ ಮುಂದೆ ಆಗುತ್ತೆ, ಅಲ್ಲಿಯ ಗೈಡ್‌ಗೆ ಮಾತ್ರ ಗೊತ್ತಿರುತ್ತೆ.

ಮಾಲ್ಡೀವ್ಸಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕ ಸೇರುತ್ತೆ. ಅಲ್ಲಿ ಭರತದ ಎತ್ತರ ಒಂದು ಮೀಟರ್ ಆಸುಪಾಸು ಅಷ್ಟೇ, ಆದ್ರೂ ಕರೆಂಟ್ ಜೋರು. ಯಾಕಂದ್ರೆ ಉಂಗುರದ ಥರ ಸುತ್ತಿರೋ ಹವಳದ ದಿಬ್ಬ, ಅದಕ್ಕೆ ಅಟಾಲ್ ಅಂತಾರೆ, ಅದರೊಳಗಿನ ಅಷ್ಟೂ ನೀರು ಸಣ್ಣ ಸಣ್ಣ ಕಿಂಡಿಗಳಲ್ಲೇ ಒಳಗೆ ಹೊರಗೆ ಓಡಾಡ್ಬೇಕು. ಆ ಕಿಂಡಿಗೆ ಅಲ್ಲಿಯೋರು ಕಂಡು ಅಂತಾರೆ. ನೀರೊಳಗೇ ಮುಳುಗಿರೋ ಗುಡ್ಡಕ್ಕೆ ತಿಲಾ. ಇದರ ಜೊತೆ ಮಾನ್ಸೂನಿನ ಹರಿವು. ಹೆಚ್ಚುಕಮ್ಮಿ ಜನವರಿಯಿಂದ ಮಾರ್ಚ್ ಏಪ್ರಿಲ್ ತನಕ ಈಶಾನ್ಯ ಮಾರುತ, ಆವಾಗ ಸಮುದ್ರದ ನೀರು ಪೂರ್ವದಿಂದ ಪಶ್ಚಿಮಕ್ಕೆ ತಳ್ಳುತ್ತೆ. ಪೂರ್ವದ ಕಂಡುಗಳಲ್ಲಿ ಆಳ ಸಮುದ್ರದ ತಿಳಿನೀರು ಒಳಗೆ ನುಗ್ಗುತ್ತೆ, ಕಿಂಡಿಯ ಬಾಯಲ್ಲಿ ಶಾರ್ಕ್‌ಗಳು ನಿಂತಿರ್ತಾವೆ. ನಮ್ ಮಳೆಗಾಲದಲ್ಲಿ ಇದು ಉಲ್ಟಾ. ನಮ್ಮೋರು ಹೋಗೋದು ಕುಯ್ಲು ಮುಗಿದು ಹೂಮಳೆ ಕಾಯೋ ಟೈಮಲ್ಲಿ, ಸೀಸನ್ ಪರವಾಗಿಲ್ಲ, ಸರಿಯಾಗೇ ಬೀಳುತ್ತೆ.

ಬಾಲಿ, ಕೊಮೊಡೊ ಕಡೆ ಕಥೆ ಬೇರೆ. ಪೆಸಿಫಿಕ್ ಸಾಗರದ ನೀರು ಇಂಡೋನೇಷ್ಯಾದ ದ್ವೀಪಗಳ ಸಂದಿಲಿ ತೂರಿ ಹಿಂದೂ ಮಹಾಸಾಗರಕ್ಕೆ ಬರುತ್ತೆ, ಅದರ ಮೇಲೆ ಭರತ ಇಳಿತದ ಸೆಳವು. ಅಲ್ಲಿ ಕೆಳಗೆ ಎಳೆಯೋ ಕರೆಂಟ್ ಕೂಡ ಸಿಗುತ್ತೆ, ಜುಲೈನಿಂದ ಅಕ್ಟೋಬರ್ ತನಕ ನುಸಾ ಪೆನಿಡಾ ಕಡೆ ನೀರು ಸಿಕ್ಕಾಪಟ್ಟೆ ತಣ್ಣಗಾಗುತ್ತೆ. ಮೊದಲನೇ ಕರೆಂಟ್ ಟ್ರಿಪ್‌ಗೆ ಆ ಕಡೆ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ, ಒಪ್ದೇ ಇರೋರು ಇರ್ತಾರೆ.

ಹಂತ 3: ಸಾಮಾನು

ಬಾಡಿಗೆಗೆ ಎಲ್ಲಾ ಸಿಗುತ್ತೆ, ಸಿಲಿಂಡರು ಜಾಕೆಟ್ಟು ಹೊತ್ಕೊಂಡ್ ಹೋಗೋ ಅಗತ್ಯ ಇಲ್ಲ. ಆದ್ರೆ ಈ ನಾಲ್ಕು ನಿಮ್ಮದೇ ಇರ್ಲಿ: ಮಾಸ್ಕ್, ಡೈವ್ ಕಂಪ್ಯೂಟರ್, ಎಸ್‌ಎಂಬಿ, ಸೀಟಿ. ಕಂಪ್ಯೂಟರ್ ಅಂದ್ರೆ ಕೈಗೆ ಕಟ್ಟೋ ವಾಚ್ ಥರದ್ದು, ಆಳ, ಟೈಮು, ಮೇಲೆ ಬರೋ ಸ್ಪೀಡು ತೋರಿಸುತ್ತೆ. ಇಬ್ಬರಿಗೆ ಒಂದು ಅಂತ ಹಂಚ್ಕೊಳ್ಳೋಕೆ ಬರಲ್ಲ. ಎಸ್‌ಎಂಬಿ ತಗೊಳ್ಳೋವಾಗ ಆನ್‌ಲೈನಲ್ಲಿ ಸಿಗೋ ಮೊಣಕೈ ಉದ್ದದ್ದು ಬೇಡ, ಅಲೆ ಮಧ್ಯೆ ಕಾಣಲ್ಲ, ಒಂದೂವರೆ ಮೀಟರ್ ಮೇಲೇ ಇರ್ಲಿ. ಸಣ್ಣ ಕನ್ನಡಿ, ಒಂದು ಟಾರ್ಚ್ ಜೇಬಲ್ಲಿ ಹಾಕ್ಕೊಂಡ್ರೆ ಒಳ್ಳೇದು.

ಫಿನ್, ಅಂದ್ರೆ ಕಾಲಿಗೆ ಹಾಕೋ ರೆಕ್ಕೆ, ಸ್ವಲ್ಪ ಗಟ್ಟಿ ಇರೋದು ಕೇಳಿ ತಗೊಳ್ಳಿ. ನೇತಾಡೋ ಪೈಪು, ಗೇಜು (ಸಿಲಿಂಡರಲ್ಲಿ ಎಷ್ಟು ಗಾಳಿ ಇದೆ ಅಂತ ತೋರ್ಸೋ ಮೀಟರ್), ಕ್ಯಾಮೆರಾ ದಾರ ಎಲ್ಲಾ ಮೈಗೆ ಅಂಟಿರೋ ಹಾಗೆ ಕ್ಲಿಪ್ ಮಾಡಿ, ಒಂದೊಂದೂ ನೀರಿಗೆ ಅಡ್ಡ ಸಿಕ್ಕಿ ನಿಮ್ಮನ್ನ ಹಿಂದಕ್ಕೆ ಎಳೀತಾವೆ, ಹವಳಕ್ಕೂ ತಗಲಿ ಮುರೀತಾವೆ. ಗೋಪ್ರೋ ಮೊದಲ ಎರಡು ದಿನ ರೂಮಲ್ಲೇ ಇರ್ಲಿ. ಇದನ್ನ ಯಾರೂ ಕೇಳಲ್ಲ ಅಂತ ಗೊತ್ತು.

ಇನ್ನು ರೀಫ್ ಹುಕ್. ಪಲಾವ್ ದ್ವೀಪದ ಬ್ಲೂ ಕಾರ್ನರ್ ಅನ್ನೋ ಜಾಗದಿಂದ ಹೆಸರಾಗಿದ್ದು ಇದು. ಮೊಂಡು ಕೊಕ್ಕೆ, ಅದಕ್ಕೊಂದು ಒಂದೂವರೆ ಎರಡು ಮೀಟರ್ ಹಗ್ಗ, ಇನ್ನೊಂದು ತುದಿ ನಿಮ್ಮ ಬಿಸಿಡಿಗೆ. ಬಿಸಿಡಿ ಅಂದ್ರೆ ಗಾಳಿ ತುಂಬೋ ಜಾಕೆಟ್. ಕೊಕ್ಕೆನ ಬಂಡೆಗೆ ಸಿಕ್ಕಿಸಿ ಕರೆಂಟಲ್ಲಿ ನಿಂತು ಶಾರ್ಕ್ ನೋಡೋದು. ಕೆಲವು ಜಾಗಗಳಲ್ಲಿ ಬಳಸೋ ಹಾಗಿಲ್ಲ, ಕೆಲವು ಕಡೆ ಅದಿಲ್ದೆ ಇಳಿಸಲ್ಲ, ಮೊದ್ಲೇ ಕೇಳ್ಕೊಳ್ಳಿ. ಬಳಸೋ ಕ್ರಮ ಕೆಳಗೆ ಬರ್ದಿದೀನಿ.

ಹಂತ 4: ಗಾಳಿ ಲೆಕ್ಕ

ಇದನ್ನ ಹಾರಿಸ್ಬೇಡಿ. ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ 11 ಲೀಟರ್ ಚಿಲ್ಲರೆ, 200 ಬಾರ್ (ಬಾರ್ ಅಂದ್ರೆ ಗಾಳಿ ಒತ್ತಡದ ಅಳತೆ) ತುಂಬಿದ್ರೆ ಹತ್ತಿರ ಹತ್ತಿರ 2200 ಲೀಟರ್ ಗಾಳಿ. ಆರಾಮಾಗಿ ಈಜೋ ಡೈವರ್ ನೀರ ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡ್ತಾನೆ ಅಂತ ಇಟ್ಕೊಳ್ಳಿ. 20 ಮೀಟರ್ ಕೆಳಗೆ ಒತ್ತಡ ಮೂರು ಪಟ್ಟು, ಅಂದ್ರೆ ಅದೇ ಉಸಿರಿಗೆ ನಿಮಿಷಕ್ಕೆ 60 ಲೀಟರ್ ಖರ್ಚು, ಸಿಲಿಂಡರ್ ಪೂರ್ತಿ ಖಾಲಿ ಆಗೋಕೆ 36 ನಿಮಿಷ. ಈಗ ಕರೆಂಟಿಗೆ ಎದುರು ಕಾಲು ಹೊಡೆಯೋಕೆ ಶುರು ಮಾಡಿದ್ರಿ, ಉಸಿರು ಎರಡು ಪಟ್ಟು ಆಯ್ತು, ನಿಮಿಷಕ್ಕೆ 120 ಲೀಟರ್, 18 ನಿಮಿಷಕ್ಕೆ ಸಿಲಿಂಡರ್ ಖಲಾಸ್. 30 ಮೀಟರಲ್ಲಿ ಇನ್ನೂ ಬೇಗ. ಇದರಲ್ಲಿ ಮೇಲೆ ಬರೋಕೆ ಬೇಕಾದ ಗಾಳಿ ಬೇರೆ ಉಳಿಸ್ಬೇಕು. ಹಾಗಾಗಿ ಮಾಮೂಲಿ ಡೈವಲ್ಲಿ 50 ಬಾರ್ ಉಳಿದಿರೋವಾಗ್ಲೇ ನೀರ ಮೇಲೆ ಇರ್ಬೇಕು ಅಂತ ಕಲ್ತಿದ್ರೆ ಇಲ್ಲಿ 100 ಬಾರ್ ಆದಾಗ ಗೈಡ್‌ಗೆ ತೋರ್ಸಿ, 70 ಬಾರಲ್ಲಿ ಏರೋಕೆ ಶುರು ಮಾಡೋದು ಒಳ್ಳೇದು. ಬೋಟಲ್ಲಿ ಬೇರೆ ನಿಯಮ ಹೇಳಿದ್ರೆ, ಎರಡರಲ್ಲಿ ಜಾಸ್ತಿ ಗಾಳಿ ಉಳಿಯೋದು ಯಾವುದೋ ಅದನ್ನ ಹಿಡೀರಿ.

ಹಂತ 5: ಬೋಟ್ ಮೇಲೆ ಕೇಳ್ಲೇಬೇಕಾದ್ದು

ಬ್ರೀಫಿಂಗ್ ಆಗೋವಾಗ ಮುಂದೆ ಕೂತ್ಕೊಳ್ಳಿ. ಕರೆಂಟ್ ಎತ್ತ ಕಡೆಯಿಂದ, ಎಲ್ಲಿ ಹಾರೋದು, ರೀಫ್ ಎಡಗೈಗೆ ಬರುತ್ತಾ ಬಲಗೈಗೆ ಬರುತ್ತಾ, ಎಷ್ಟು ಆಳ, ಎಷ್ಟು ಬಾರ್ ಉಳಿದಾಗ ವಾಪಸ್, ಗುಂಪಿಂದ ತಪ್ಪಿಸ್ಕೊಂಡ್ರೆ ಏನು. ಈ ಕೊನೇದು ಹೇಳಿಲ್ಲ ಅಂದ್ರೆ ಕೈಯೆತ್ತಿ ಕೇಳಿ, ನಾಚ್ಕೋಬೇಡಿ. ಎಲ್ಲಾ ಕಡೆ ನಡೆಯೋ ನಿಯಮ ಅಂದ್ರೆ ಒಂದು ನಿಮಿಷ ಸುತ್ತ ಹುಡುಕೋದು, ಕಾಣ್ಲಿಲ್ವಾ, ನಿಧಾನಕ್ಕೆ ಮೇಲೆ ಬಂದು ಅಲ್ಲಿ ಸೇರೋದು. ಮಾಲ್ಡೀವ್ಸಲ್ಲಿ ಟೂರಿಸ್ಟ್ ಡೈವರ್‌ಗಳು 30 ಮೀಟರ್ ದಾಟೋ ಹಾಗಿಲ್ಲ, ಅದು ಅಲ್ಲಿಯ ಸರ್ಕಾರದ ನಿಯಮ, ಗೈಡ್ ಬೇಜಾರು ಮಾಡ್ಕೋತಾನೆ ಅಂತಲ್ಲ.

ಒಳ್ಳೆ ಗೈಡ್ ಆದ್ರೆ ಎಲ್ರೂ ಇಳಿಯೋ ಮುಂಚೆ ತಾನೊಬ್ಬ ಹಾರಿ ಕರೆಂಟ್ ನೋಡ್ಕೊಂಡ್ ಬರ್ತಾನೆ. "ಇವತ್ತು ಬೇಡ, ಬೇರೆ ಜಾಗಕ್ಕೆ ಹೋಗಣ" ಅಂದ್ರೆ ಅವನ ಜೊತೆ ವಾದ ಮಾಡ್ಬೇಡಿ. "ಅಷ್ಟು ದೂರದಿಂದ ಬಂದಿದೀವಿ, ಇಷ್ಟು ದುಡ್ಡು ಕೊಟ್ಟಿದೀವಿ" ಅನ್ನೋ ಮಾತು ಬೋಟಲ್ಲಿ ನಮ್ ಜನರ ಬಾಯಲ್ಲೇ ಮೊದ್ಲು ಬರೋದು. ನಿಮಗೇ ಬೇಡ ಅನ್ಸಿದ್ರೂ ಸರಿ, ಬರಲ್ಲ ಅಂತ ಹೇಳೋಕೆ ಕಾರಣ ಕೊಡ್ಬೇಕಾಗಿಲ್ಲ.

ಹಂತ 6: ಹಾರೋದು

ಎಲ್ರೂ ಒಟ್ಟಿಗೆ ಹಾರ್ಬೇಕು, ಮೇಲೆ 15 ಮೀಟರ್ ಲೆಕ್ಕ ಹೇಳಿದ್ನಲ್ಲ, ಅದಕ್ಕೇ. ಬೋಟ್ ಡೈವ್ ಜಾಗಕ್ಕಿಂತ ಕರೆಂಟಿನ ಮೇಲ್ಗಡೆ ಬಿಡುತ್ತೆ, ಇಳಿಯೋವಷ್ಟರಲ್ಲಿ ಹರಿದು ಜಾಗಕ್ಕೆ ಸೇರ್ಲಿ ಅಂತ. ಅಲ್ಲಿ ಮೇಲೆ ನಿಂತು ಮಾಸ್ಕ್ ಸರಿ ಮಾಡ್ಕೊಂಡು ಕೂತ್ರೆ ರೀಫ್ ದಾಟಿ ಹೋಗಿರ್ತೀರ. ಹಾಗಾಗಿ ಮಾಸ್ಕ್, ಸಿಲಿಂಡರ್ ವಾಲ್ವ್, ಗಾಳಿ, ಕ್ಲಿಪ್ಪು ಎಲ್ಲಾ ಜೊತೆಗಾರನ ಜೊತೆ ಬೋಟ್ ಮೇಲೇ ಚೆಕ್ ಮುಗಿಸಿ.

ಕೆಲವು ಜಾಗದಲ್ಲಿ ನೆಗೆಟಿವ್ ಎಂಟ್ರಿ ಅಂತಾರೆ, ಬಿಸಿಡಿಲಿ ಗಾಳಿ ಪೂರ್ತಿ ತೆಗೆದು ಹಾರಿದ ತಕ್ಷಣ ನೇರ ಕೆಳಗೆ ಇಳಿಯೋದು. ಕಿವಿ ಬೇಗ ಬಿಡದೇ ಇರೋರಿಗೆ ಇದು ಕಷ್ಟ, ಆ ಥರ ಇದ್ರೆ ಮೊದ್ಲೇ ಹೇಳಿ. ಇದರಲ್ಲಿ ಆಗೋ ದೊಡ್ಡ ಎಡವಟ್ಟು ಅಂದ್ರೆ ಸಿಲಿಂಡರ್ ವಾಲ್ವ್ ಓಪನ್ ಮಾಡಿರಲ್ಲ, ಬಿಸಿಡಿಲಿ ಗಾಳಿ ಇಲ್ಲ, ಕೆಳಗೆ ಹೋಗ್ತಿರ್ತೀರ, ಉಸಿರೆಳೆದ್ರೆ ಬರಲ್ಲ. ಹಾರೋ ಮುಂಚೆ ಗೇಜ್ ನೋಡ್ಕೊಂಡು ರೆಗ್ಯುಲೇಟರಲ್ಲಿ ನಾಲ್ಕು ಸಲ ಉಸಿರಾಡಿ, ಮುಳ್ಳು ಅಲ್ಲಾಡಿದ್ರೆ ವಾಲ್ವ್ ಸರಿಯಾಗಿ ತೆರೆದಿಲ್ಲ ಅಂತ.

ಹಂತ 7: ಕೆಳಗೆ

ರೀಫಿಗೆ ಹತ್ರ, ತಗ್ಗಲ್ಲಿ ಇರಿ. ನೆಲದ ಪಕ್ಕ ನೀರು ಉಜ್ಜಿ ನಿಧಾನ ಆಗುತ್ತೆ, ಎರಡು ಮೀಟರ್ ಮೇಲೆ ಅದೇ ನೀರು ಎತ್ಕೊಂಡ್ ಹೋಗುತ್ತೆ. ಮಳೆಗಾಲದ ಹೇಮಾವತಿಲಿ ದಡದ ಪಕ್ಕ ಬೇರು ಹಿಡ್ಕೊಂಡು ದಾಟೋ ಹಾಗೆ, ಬಂಡೆ ಮರೆಯಿಂದ ಬಂಡೆ ಮರೆಗೆ ಹೋಗೋದು. ಹಿಡ್ಕೊಳ್ಳೋದಾದ್ರೆ ಬರಿ ಕಲ್ಲು ಮಾತ್ರ, ಅದೂ ಒಂದೆರಡು ಬೆರಳಲ್ಲಿ, ಹಿಡಿಯೋ ಮುಂಚೆ ಕಣ್ಣಾಡಿಸಿ, ಕಲ್ಲಿನ ಥರಾನೇ ಕೂತಿರೋ ಸ್ಟೋನ್‌ಫಿಶ್‌ಗೆ ವಿಷದ ಮುಳ್ಳಿರುತ್ತೆ.

ಕರೆಂಟ್ ಎತ್ತ ಕಡೆಯಿಂದ ಅಂತ ಮೀನೇ ಹೇಳುತ್ತೆ, ಎಲ್ಲಾ ಮೀನೂ ಅದಕ್ಕೆ ಮುಖ ಮಾಡಿ ನಿಂತಿರ್ತಾವೆ. ಸಣ್ಣ ಕಿತ್ತಳೆ ಬಣ್ಣದ ಆಂಥಿಯಾಸ್ ಮೀನುಗಳು ರೀಫಿಂದ ಮೇಲೆ ಹರಡ್ಕೊಂಡು ಆರಾಮಾಗಿ ತಿಂತಿದ್ರೆ ಪರವಾಗಿಲ್ಲ. ಅವೆಲ್ಲಾ ಹವಳಕ್ಕೆ ಅಂಟ್ಕೊಂಡು ಒಂದೇ ದಿಕ್ಕಿಗೆ ಬಾಲ ಬಡೀತಿದ್ರೆ ಮುಂದಿನ ತಿರುವಲ್ಲಿ ಜೋರಿದೆ. ರೀಫಿನ ಮೂಲೆ, ಕಂಡುವಿನ ಬಾಯಿ, ತಿಲಾದ ತಲೆ, ಈ ಮೂರು ಕಡೆ ಸೆಳವು ಎಲ್ಲಕ್ಕಿಂತ ಜಾಸ್ತಿ.

ಗೈಡ್‌ನ ದಾಟಿ ಮುಂದೆ ಹೋಗ್ಬೇಡಿ. ಇದನ್ನ ಎಷ್ಟು ಹೇಳಿದ್ರೂ ಸಾಲ್ದು. ನೀವು ಹಿಂದೆ ಇದ್ರೆ ಕರೆಂಟೇ ನಿಮ್ಮನ್ನ ಅವನ ಹತ್ರ ತಂದು ಬಿಡುತ್ತೆ, ಮುಂದೆ ಹೋಗ್ಬಿಟ್ರೆ ವಾಪಸ್ ಬರೋಕೆ ಎದುರು ಈಜ್ಬೇಕು. ಮತ್ತೆ ಎಲ್ರೂ ಒಂದೇ ಆಳದಲ್ಲಿರಿ, ಐದು ಮೀಟರ್ ಮೇಲೆ ಇರೋನು ಬೇರೆ ಸ್ಪೀಡಲ್ಲಿ ಹೋಗ್ತಿರ್ತಾನೆ.

ಹುಕ್ ಹಾಕೋ ಕ್ರಮ ಹೀಗೆ. ಸತ್ತ ಬಂಡೆ ಆರ್ಸಿ, ಜೀವ ಇರೋ ಹವಳಕ್ಕೆ ಬೇಡ. ಕೊಕ್ಕೆ ಸಿಕ್ಕಿಸಿ, ಎಳೆದು ನೋಡಿ, ನಿಧಾನಕ್ಕೆ ಹಗ್ಗ ಬಿಡಿ. ಬಿಸಿಡಿಗೆ ಚೂರೇ ಚೂರು ಗಾಳಿ, ರೀಫಿಂದ ಒಂದು ಮೀಟರ್ ಮೇಲೆ ತೇಲೋವಷ್ಟು. ಮುಖ ಕರೆಂಟಿನ ಕಡೆಗೇ ಇರ್ಲಿ, ಪಕ್ಕಕ್ಕೆ ತಿರುಗಿದ್ರೆ ಮಾಸ್ಕ್ ಕಿತ್ಕೊಂಡ್ ಹೋಗ್ಬಹುದು, ರೆಗ್ಯುಲೇಟರಿನ ಬಟನ್ ನೀರಿಗೆ ಒತ್ತಿ ಗಾಳಿ ತಾನಾಗೇ ಬುಸ್ ಅಂತ ಬಿಡ್ಬಹುದು. ಬಿಚ್ಚೋ ಮುಂಚೆ ಬಿಸಿಡಿಗೆ ಹಾಕಿದ ಗಾಳಿ ತೆಗೀರಿ, ಆಮೇಲೆ ಕೊಕ್ಕೆ. ಉಲ್ಟಾ ಮಾಡಿದ್ರೆ ನೇರ ಮೇಲಕ್ಕೆ ಚಿಮ್ತೀರ.

ಉಸಿರು ಸಾಲ್ತಿಲ್ಲ, ರೆಗ್ಯುಲೇಟರ್ ಗಾಳಿನೇ ಕೊಡ್ತಿಲ್ಲ ಅನ್ಸಿದ್ರೆ ಮೊದ್ಲು ಗೇಜ್ ನೋಡಿ. ಗಾಳಿ ಇದ್ರೆ ಕಾರಣ ಬಹುಪಾಲು ಕಾರ್ಬನ್ ಡೈಆಕ್ಸೈಡ್, ಜೋರಾಗಿ ಈಜಿ ಮೇಲಿಂದ ಮೇಲೆ ಗಿಡ್ಡ ಉಸಿರು ತಗೊಂಡು ಅದು ಮೈಯಲ್ಲಿ ಸೇರ್ಕೊಂಡಿರುತ್ತೆ. ತಲೆ ಗಾಬರಿ ಬೀಳೋದು ಅಲ್ಲಿಂದಲೇ. ಕಾಲು ನಿಲ್ಸಿ, ಬಂಡೆ ಮರೆಗೆ ಹೋಗಿ, ಉದ್ದಕ್ಕೆ ಹೊರಗೆ ಬಿಡಿ. ಹೊರಗೆ ಬಿಡೋದು ಮುಖ್ಯ, ಒಳಗೆಳೆಯೋದು ತಾನಾಗಿ ಆಗುತ್ತೆ.

ಹಂತ 8: ಕರೆಂಟ್ ಕೆಟ್ಟದಾದ್ರೆ

ಎದುರು ಹೋಗೋಕೆ ಆಗ್ತಿಲ್ಲ, ಗುಂಪು ಅಲ್ಲಿದೆ, ನೀವು ಇಲ್ಲಿ. ಬಿಟ್ಬಿಡಿ. ಜೊತೆಗಾರನ್ನ ಹಿಡ್ಕೊಂಡು ಕರೆಂಟ್ ಜೊತೆ ಹೋಗಿ, ಎಸ್‌ಎಂಬಿ ಬಿಡಿ, ಮೇಲೆ ಬನ್ನಿ. ಬೋಟಿನೋರು ಹುಡುಕೋದೇ ಕರೆಂಟ್ ಹೋಗೋ ಕಡೆ, ನಿಮ್ಮನ್ನ ಎತ್ಕೋತಾರೆ. ಪೂರ್ತಿ ಡೈವ್ ಹಾಳಾಯ್ತು ಅಂತ ಎದುರು ಈಜಿ ಗಾಳಿ ಖಾಲಿ ಮಾಡ್ಕೊಳ್ಳೋರೇ ಜಾಸ್ತಿ.

ಕೆಳಗೆ ಎಳೆಯೋ ಕರೆಂಟ್: ನಿಮ್ಮ ಗುಳ್ಳೆ ಮೇಲೆ ಹೋಗೋ ಬದ್ಲು ಪಕ್ಕಕ್ಕೆ ಕೆಳಕ್ಕೆ ಹೋಗ್ತಿದ್ರೆ, ಕಿವಿ ಒತ್ತಿದ್ರೆ, ಮೀನುಗಳು ತಲೆ ಮೇಲೆ ಮಾಡಿ ಈಜ್ತಿದ್ರೆ ಅದೇ. ರೀಫ್ ಗೋಡೆ ಕೈಗೆ ಸಿಗೋ ಹಾಗಿದ್ರೆ ಕಲ್ಲು ಹಿಡ್ಕೊಂಡು ಹತ್ತಿ, ಈಗ ಹವಳದ ನಿಯಮ ಪಕ್ಕಕ್ಕಿಡಿ, ಜೀವ ಮೊದ್ಲು. ಸಿಗ್ದೇ ಇದ್ರೆ ಗೋಡೆಯಿಂದ ದೂರ, ಅಡ್ಡಕ್ಕೆ, ತಿಳಿ ನೀಲಿ ಕಡೆಗೆ ಈಜಿ, ಇಂಥ ಸೆಳವು ಸಾಮಾನ್ಯವಾಗಿ ಗೋಡೆ ಪಕ್ಕನೇ ಜೋರು, ದೂರ ಹೋದಷ್ಟೂ ಸಡಿಲ. ಇನ್ನೂ ಇಳೀತಿದ್ರೆ ಬಿಸಿಡಿಗೆ ಗಾಳಿ ಹಾಕಿ, ಆದ್ರೆ ಕೈ ಗಾಳಿ ಬಿಡೋ ಬಟನ್ ಮೇಲೇ ಇರ್ಲಿ, ಸೆಳವು ಬಿಟ್ಟ ತಕ್ಷಣ ಆ ಗಾಳಿ ನಿಮ್ಮನ್ನ ರಾಕೆಟ್ ಮಾಡುತ್ತೆ. ಕಣ್ಣು ಕಂಪ್ಯೂಟರ್ ಮೇಲೆ. ನೇರ ಮೇಲಕ್ಕೆ ಕಾಲು ಹೊಡೆಯೋದು ಸುಸ್ತಿಗೆ ದಾರಿ. ತೂಕದ ಬೆಲ್ಟ್ ಬಿಚ್ಚೋದು ಬೇರೇನೂ ಉಳೀದೇ ಇದ್ದಾಗ ಮಾತ್ರ.

ಮೇಲೆ ಎತ್ತೋ ಕರೆಂಟೂ ಇದೆ. ಬಿಸಿಡಿ ಪೂರ್ತಿ ಖಾಲಿ ಮಾಡಿ, ಗೋಡೆಯಿಂದ ಆಚೆ ಹೋಗಿ, ಉಸಿರು ಮಾತ್ರ ಹಿಡೀಬೇಡಿ. ಏರೋವಾಗ ಉಸಿರು ಹಿಡಿದ್ರೆ ಶ್ವಾಸಕೋಶಕ್ಕೆ ಪೆಟ್ಟು.

ಹಂತ 9: ಮೇಲೆ ಬರೋದು

ನಿಮಿಷಕ್ಕೆ 9 ಮೀಟರಿಗಿಂತ ಜೋರು ಬೇಡ. 5 ಮೀಟರಲ್ಲಿ 3 ನಿಮಿಷ ನಿಲ್ಲೋದಕ್ಕೆ ಸೇಫ್ಟಿ ಸ್ಟಾಪ್ ಅಂತಾರೆ, ಮೈಲಿ ಕರಗಿರೋ ನೈಟ್ರೋಜನ್ ಹೊರಗೆ ಹೋಗ್ಲಿ ಅಂತ. 2 ನಾಟ್ ಕರೆಂಟಲ್ಲಿ ಆ ಮೂರೇ ನಿಮಿಷಕ್ಕೆ ಸುಮಾರು 185 ಮೀಟರ್ ಹರಿದಿರ್ತೀರ, ಸುತ್ತ ಬರೀ ನೀಲಿ, ಹಿಡಿಯೋಕೆ ಏನಿಲ್ಲ. ಅದಕ್ಕೇ ಎಸ್‌ಎಂಬಿನ ಮೇಲೆ ಬಂದ್ಮೇಲಲ್ಲ, ಕೆಳಗಿಂದಲೇ ಬಿಡ್ಬೇಕು.

ಬಿಡೋವಾಗ ತಲೆ ಮೇಲೆ ಯಾರಿದಾರೆ ನೋಡಿ. ಉರುಳೆನ ಮೈಗೆ ಕ್ಲಿಪ್ ಮಾಡಿರ್ಬೇಡಿ, ಸಿಕ್ಕಾಕ್ಕೊಂಡ್ರೆ ಚೀಲ ನಿಮ್ಮನ್ನೂ ಎಳ್ಕೊಂಡ್ ಹೋಗುತ್ತೆ. 10 ಮೀಟರಲ್ಲಿ ಅರ್ಧ ತುಂಬಿದ್ರೆ ಸಾಕು, ಮೇಲೆ ಹೋಗೋವಷ್ಟರಲ್ಲಿ ಒತ್ತಡ ಅರ್ಧ ಆಗಿ ಅದೇ ಪೂರ್ತಿ ಉಬ್ಬುತ್ತೆ. ದಾರ ಬಿಗಿ ಇರ್ಲಿ, ಸಡಿಲ ಬಿಟ್ರೆ ಚೀಲ ನೀರ ಮೇಲೆ ಮಲಗುತ್ತೆ, ಬೋಟಿಗೆ ಕಾಣಲ್ಲ.

ಮೇಲೆ ಬಂದ್ಮೇಲೆ ಬಿಸಿಡಿ ತುಂಬ್ಸಿ, ಮಾಸ್ಕು ರೆಗ್ಯುಲೇಟರು ಹಾಗೇ ಇರ್ಲಿ, ಒಬ್ಬರನ್ನೊಬ್ರು ಹಿಡ್ಕೊಳ್ಳಿ. ಬೋಟ್ ಹಿಂದೆ ಈಜ್ಬೇಡಿ, ಬೋಟೇ ಬರ್ಲಿ, ಪ್ರೊಪೆಲ್ಲರ್ ನಿಂತಿದೆ ಅಂತ ಅವ್ರು ಕೈ ಮಾಡೋವರೆಗೂ ಏಣಿ ಹತ್ರ ಹೋಗ್ಬೇಡಿ. ಬೋಟ್ ಕಾಣ್ತಾನೇ ಇಲ್ಲ ಅಂದ್ರೆ ಆಗ ಕನ್ನಡಿ, ಸೀಟಿ, ಕತ್ತಲಾದ್ರೆ ಟಾರ್ಚ್, ಮತ್ತೆ ಯಾವ ಕಾರಣಕ್ಕೂ ಗುಂಪು ಒಡೀಬೇಡಿ. 2014ರ ಫೆಬ್ರವರಿಲಿ ಬಾಲಿ ಪಕ್ಕ ನುಸಾ ಲೆಂಬೊಂಗನ್ ಹತ್ರ ಏಳು ಜನ ಜಪಾನಿ ಡೈವರ್‌ಗಳು ಹೀಗೆ ಹರಿದು ಹೋದ್ರು, ದಿನಗಟ್ಲೆ ಹುಡುಕಿದ್ಮೇಲೆ ಐದು ಜನ ಜೀವಂತ ಸಿಕ್ಕಿದ್ರು, ಇಬ್ರು ತೀರ್ಕೊಂಡಿದ್ರು. ಅವರಲ್ಲಿ ಅನುಭವಿ ಇನ್‌ಸ್ಟ್ರಕ್ಟರ್‌ಗಳೂ ಇದ್ರು.

ಹಂತ 10: ಘಾಟಿ ಹತ್ತೋ ಮುಂಚೆ

ಇದು ನಮ್ಮಂಥ ಘಟ್ಟದ ಮೇಲಿನೋರ ತಾಪತ್ರಯ, ಬೆಂಗಳೂರಿನ ಇನ್‌ಸ್ಟ್ರಕ್ಟರ್‌ಗಳೂ ಎಷ್ಟೋ ಸಲ ಹೇಳಲ್ಲ. ಡೈವ್ ಮಾಡಿದ್ಮೇಲೆ ತಕ್ಷಣ ವಿಮಾನ ಹತ್ಬಾರ್ದು ಅಂತ ಎಲ್ರಿಗೂ ಗೊತ್ತು: ಒಂದೇ ಡೈವ್ ಆದ್ರೆ 12 ಗಂಟೆ, ದಿನಕ್ಕೆ ಎರಡು ಮೂರು ಅಥವಾ ಸುಮಾರು ದಿನ ಮಾಡಿದ್ರೆ 18 ಗಂಟೆ, ಸೇಫಾಗಿ 24 ಅಂತಾನೂ ಹೇಳ್ತಾರೆ. ಕಾರಣ ಮೇಲೆ ಒತ್ತಡ ಕಮ್ಮಿ, ಮೈಯಲ್ಲಿ ಉಳಿದಿರೋ ನೈಟ್ರೋಜನ್ ಗುಳ್ಳೆ ಆಗುತ್ತೆ, ಕೀಲು ನೋವಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪೋವರೆಗೂ ಏನ್ ಬೇಕಾದ್ರೂ ಆಗ್ಬಹುದು, ಡಿಸಿಎಸ್ ಅಂತಾರೆ ಅದಕ್ಕೆ. ವಿಮಾನಕ್ಕೆ ಹೇಳೋ ಆ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತೆ. ಚಿಕ್ಕಮಗಳೂರು 1000 ಮೀಟರ್ ಮೇಲಿದೆ, ಹಾಸನ, ಸಕಲೇಶಪುರ 900ರ ಮೇಲೆ. ನೇತ್ರಾಣಿಲಿ ಮಧ್ಯಾಹ್ನ ಎರಡು ಡೈವ್ ಮುಗಿಸಿ ಸಂಜೆ ಕಾರ್ ಹತ್ತಿ ಚಾರ್ಮಾಡಿಲೋ ಶಿರಾಡಿಲೋ ಆಗುಂಬೆಲೋ ಹತ್ಕೊಂಡ್ ಬಂದ್ರೆ ವಿಮಾನ ಹತ್ತಿದ ಹಾಗೇ ಲೆಕ್ಕ. ಬೆಳಿಗ್ಗೆ ಸೀದಾ ಮುಳ್ಳಯ್ಯನಗಿರಿಗೆ ಹೋಗೋ ಪ್ಲಾನ್ ಇದ್ರಂತೂ ಅದು 1900 ಮೀಟರ್ ದಾಟುತ್ತೆ.

ಆ ರಾತ್ರಿ ಮುರ್ಡೇಶ್ವರದಲ್ಲೋ ಉಡುಪಿಲೋ ಉಳ್ಕೊಳ್ಳಿ, ಮಾರನೇ ದಿನ ಬೆಳಿಗ್ಗೆ ಆರಾಮಾಗಿ ಬೀಚ್ ನೋಡಿ, ಮೀನೂಟ ಮಾಡಿ, ಮಧ್ಯಾಹ್ನದ ಮೇಲೆ ಘಾಟಿ ಹತ್ತಿ. ಮಾಲ್ಡೀವ್ಸಿಂದ ಬರೋರು ಕೊನೇ ದಿನ ಡೈವ್ ಇಟ್ಕೋಬೇಡಿ. ಆ ರಾತ್ರಿ ಕುಡಿಯೋದೂ ಬೇಡ, ನೀರು ಚೆನ್ನಾಗಿ ಕುಡೀರಿ. ಊರಿಗೆ ಬಂದ್ಮೇಲೆ ಮೈಮೇಲೆ ಕೆಂಪು ಮಚ್ಚೆ, ಭುಜ ಮೊಣಕೈ ನೋವು, ಜುಮ್ಮು, ಕಾರಣ ಇಲ್ದೆ ಸುಸ್ತು ಅನ್ಸಿದ್ರೆ "ಸಿಲಿಂಡರ್ ಹೊತ್ತಿದ್ದಕ್ಕೆ" ಅಂತ ಮುಲಾಮು ಹಚ್ಕೊಂಡು ಮಲಗ್ಬೇಡಿ. ಡಾಕ್ಟರ್‌ಗೆ ತೋರ್ಸೋವಾಗ ಡೈವ್ ಮಾಡಿದ್ದು, ಎಷ್ಟು ಆಳ, ಯಾವಾಗ ಘಾಟಿ ಹತ್ತಿದ್ದು ಅಂತ ನೀವೇ ಬಾಯಿಬಿಟ್ಟು ಹೇಳಿ, ಕಂಪ್ಯೂಟರ್ ಕೈಲಿ ಹಿಡ್ಕೊಂಡೇ ಹೋಗಿ. ಡೈವಿಂಗ್ ಇನ್ಶೂರೆನ್ಸ್ ಮಾಡಿಸಿದ್ರೆ ಅವರ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ, ಎಲ್ಲಿಗೆ ಹೋಗ್ಬೇಕು ಅಂತ ಅವ್ರು ಹೇಳ್ತಾರೆ.